ಪಂಚಾಂಗ ಹಾಕುವ ಮುನ್ನ ಪಂಚಾಯತಿನ ಅನುಮತಿ

ಮನೆ ಕಟ್ಟಲು ಹೊರಟವರು ಮುಹೂರ್ತ ನೋಡುತ್ತಾರೆ, ಮುರಕಲ್ಲಿನ ದರ ವಿಚಾರಿಸುತ್ತಾರೆ, ಮೇಸ್ತ್ರಿಯನ್ನು ಗೊತ್ತುಮಾಡುತ್ತಾರೆ. ಪಂಚಾಯತಿನ ನೆನಪಾಗುವುದು ಹಲವರಿಗೆ ಗೋಡೆ ಎದ್ದ ಮೇಲೆ. ಸ್ವಂತ ಜಾಗದಲ್ಲಿ ಕಟ್ಟಲು ಯಾರ ಅಪ್ಪಣೆ ಎಂಬ ಮಾತು ಈಗ ನಡೆಯದು. ಹಳ್ಳಿಗಳಿಗೆಂದೇ 2011ರಲ್ಲಿ ಕೇರಳ ಪಂಚಾಯತು ಕಟ್ಟಡ ನಿಯಮಗಳು ಬಂದವು. ಅವುಗಳ ಸ್ಥಾನದಲ್ಲಿ 2019ರ ನಿಯಮಗಳು ಜಾರಿಗೆ ಬಂದಿವೆ.

ಹೊಸ ಮನೆಗಷ್ಟೇ ಅನುಮತಿ ಸಾಕೆಂದು ತಿಳಿಯಬಾರದು. ಇದ್ದ ಮನೆಗೆ ಕೋಣೆ ಸೇರಿಸುವುದಕ್ಕೆ, ಹಂಚಿನ ಮಾಡು ತೆಗೆದು ತಾರಸಿ ಹಾಕುವುದಕ್ಕೆ, ವಾಸದ ಮನೆಯನ್ನು ಅಂಗಡಿಯಾಗಿ ಮಾರ್ಪಡಿಸುವುದಕ್ಕೆ, ಬಾವಿ ತೋಡುವುದಕ್ಕೆ, ರಸ್ತೆಗೆ ತಾಗಿದ ಆವರಣ ಗೋಡೆಗೆ ಕೂಡ ಅನುಮತಿ ಬೇಕು. ಸುಣ್ಣ ಬಣ್ಣ, ಗಾರೆ, ಒಡೆದ ಹಂಚಿನ ರಿಪೇರಿ, ಕಿಟಕಿ ಬಾಗಿಲುಗಳ ಬದಲಾವಣೆ ಇವಕ್ಕೆ ಬೇಡ.

ನಿಯಮಗಳಿಗೆ ಕಾರಣವೂ ಇದೆ. ಕಕ್ಕಸಿನ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ದೂರವಿರಬೇಕು. ನೆರೆಮನೆಯ ಬಾವಿಗೂ ಇದು ಅನ್ವಯ.

ನಮ್ಮಲ್ಲಿ ಹೆಚ್ಚು ಮಂದಿ ಸಿಕ್ಕಿಬೀಳುವುದು ಗದ್ದೆಯ ವಿಷಯದಲ್ಲಿ. ಅಣ್ಣತಮ್ಮಂದಿರ ಪಾಲಿನಲ್ಲಿ ಒಬ್ಬನಿಗೆ ಬೈಲಿನ ತುಂಡು ಬರುತ್ತದೆ. ಮಣ್ಣು ತುಂಬಿಸಿ ಅವನು ಪಂಚಾಂಗ ಹಾಕುತ್ತಾನೆ. 2008ರ ಭತ್ತದ ಗದ್ದೆ ಸಂರಕ್ಷಣಾ ಕಾಯಿದೆಯಂತೆ ಇದಕ್ಕೆ ತಡೆಯಿದೆ. ಬೇರೆ ಯೋಗ್ಯ ಜಾಗವಿಲ್ಲದ ಮಾಲಕನಿಗೆ ಮಾತ್ರ, ವಾಸದ ಮನೆಗೆಂದು ಪಂಚಾಯತಿನಲ್ಲಿ 10 ಸೆಂಟ್ಸು, ನಗರಸಭೆಯಲ್ಲಿ 5 ಸೆಂಟ್ಸು ಮೀರದಂತೆ ವಿನಾಯಿತಿ ಕೇಳಲು ಅವಕಾಶವಿದೆ. ಆದುದರಿಂದ ಜಾಗ ಕೊಳ್ಳುವ ಮೊದಲೇ ವಿಲೇಜ್ ಆಫೀಸಿನ ದಾಖಲೆಯಲ್ಲಿ ಅದು ಗದ್ದೆಯೋ ಹಿತ್ತಿಲೋ, ಕೃಷಿ ಭವನದ ಡಾಟಾ ಬ್ಯಾಂಕಿನಲ್ಲಿ ಸೇರಿದೆಯೋ ಎಂದು ನೋಡಿಕೊಳ್ಳಬೇಕು.

ಆಧಾರ ಪತ್ರ, ತೀರ್ವೆ ರಶೀದಿ, ಸ್ವಾಧೀನ ಪತ್ರ ಮತ್ತು ಲೈಸೆನ್ಸು ಪಡೆದವರು ತಯಾರಿಸಿದ ನಕ್ಷೆಯೊಂದಿಗೆ ಅರ್ಜಿ ಹಾಕಬೇಕು. ದೊರೆತ ಅನುಮತಿ 5 ವರ್ಷ ಊರ್ಜಿತ. ಕೆಲಸ ಮುಗಿದಾಗ ನಕ್ಷೆಗೂ ಮನೆಗೂ ತಾಳೆಯಾಗದಿದ್ದರೆ ಮನೆ ನಂಬರಿಗೆ ತೊಡಕು. ನಂಬರಿಲ್ಲದೆ ವಿದ್ಯುತ್ತಿಗೂ ಬ್ಯಾಂಕ್ ಸಾಲಕ್ಕೂ ಅಲೆದಾಟ.

ಇನ್ನು ಭಾಷೆಯ ಮಾತು. ಕಾಸರಗೋಡಿನ ಕನ್ನಡಿಗರು ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸಲು 1969ರ ಕೇರಳ ಆಡಳಿತ ಭಾಷಾ ಕಾಯಿದೆ ಅವಕಾಶ ನೀಡಿತು. ಆದರೂ ಕೈಗೆ ಬರುವ ನೋಟೀಸು ಮಲಯಾಳದಲ್ಲಿರುವುದುಂಟು. ಅರ್ಥವಾಗದ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟರೆ ಉತ್ತರಿಸಬೇಕಾದ ಗಡುವು ಮೀರಿ ಹೋಗುತ್ತದೆ. ಬಲ್ಲವರಿಂದ ಅಂದೇ ಓದಿಸಿ, ತಿಳಿದುಕೊಂಡೇ ಸಹಿ ಹಾಕಿರಿ. ಕನ್ನಡದಲ್ಲಿ ಅರ್ಜಿ ಬರೆದು ಉತ್ತರವನ್ನು ಕನ್ನಡದಲ್ಲೇ ಕೇಳಲು ಸಂಕೋಚ ಬೇಡ.