ಕಾಫಿ ಹುಳಿಯುವ ಹದ

ಅರಸೀಕೆರೆಯ ತೆಂಗು, ಹಳೇಬೀಡಿನ ಬಯಲು ದಾಟಿ ಬೇಲೂರಿನಿಂದ ಪಶ್ಚಿಮಕ್ಕೆ ಸಾಗಿದರೆ ಕಾಫಿ ಸೀಮೆ. ಡಿಸೆಂಬರ್ ಹೊತ್ತಿಗೆ ಅಲ್ಲಿ ಅರೇಬಿಕಾ ಕೊಯ್ಲು. ಪಲ್ಪರ್ ಯಂತ್ರ ಹಣ್ಣಿನ ಸಿಪ್ಪೆ ಬಿಡಿಸಿದರೂ ಬೀಜಕ್ಕಂಟಿದ ಲೋಳೆ ಉಳಿಯುತ್ತದೆ. ಅದನ್ನು ಕಳೆಯಲು ಬೀಜವನ್ನು ತೊಟ್ಟಿಯಲ್ಲಿ ಸುಮಾರು 24ರಿಂದ 36 ಗಂಟೆ ಹುಳಿಯಲು ಬಿಡುತ್ತಾರೆ. ದೋಸೆ ಹಿಟ್ಟಿನಂತೆ ಇದೂ ಬ್ಯಾಕ್ಟೀರಿಯಾ, ಯೀಸ್ಟ್‌ಗಳ ಕೆಲಸ. ಒಂದು ಹಿಡಿ ಬೀಜ ತೊಳೆದು ಉಜ್ಜಿದಾಗ ಜಾರದೆ, ಸಣ್ಣ ಕಲ್ಲಿನಂತೆ ಒರಟಾಗಿ ಕೈಗೆ ಹತ್ತಿದರೆ ಹದ ಬಂದಂತೆ. ತೀರಾ ತಡವಾದರೆ ಬೀಜ ನಾರುತ್ತದೆ. ಅಂಥ ಕೆಲವೇ ಬೀಜ ಸೇರಿದರೂ ಲೋಟದ ಕಾಫಿ ಕೆಟ್ಟಿತು.

ಬಹುಕಾಲ ಹುಳಿಸುವುದೆಂದರೆ ಲೋಳೆ ತೊಳೆಯುವ ಉಪಾಯವಷ್ಟೇ. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯಲ್ಲಿ ಎಲ್ಲರ ಮಾಲೂ ಒಂದೆಡೆ ಸೇರುತ್ತಿದ್ದಾಗ ತೋಟದ ಹೆಸರು ಹೇಳಿ ಬೆಲೆ ಕೇಳುವಂತಿರಲಿಲ್ಲ. 1996ರಲ್ಲಿ ಬೆಳೆಗಾರರಿಗೆ ಪೂರ್ತಿ ಮುಕ್ತ ಮಾರಾಟದ ಅವಕಾಶ ದೊರೆತ ಮೇಲೆ ಆ ದಾರಿ ತೆರೆಯಿತು.

ಈಗ ಕೆಲವರು ಹಣ್ಣನ್ನು ಗಾಳಿಯಾಡದ ಡ್ರಮ್ಮಿನಲ್ಲಿ ದಿನಗಟ್ಟಲೆ ಮುಚ್ಚಿಡುತ್ತಾರೆ. ಆಯ್ದ ಯೀಸ್ಟ್ ಬೆರೆಸುವುದೂ ಉಂಟು. ಆಮ್ಲಜನಕವಿಲ್ಲದೆಯೂ ಬದುಕಬಲ್ಲ ಸೂಕ್ಷ್ಮಜೀವಿಗಳು ಅಲ್ಲಿ ಮೇಲುಗೈ ಪಡೆಯುತ್ತವೆ. ಅವು ಉಂಟುಮಾಡುವ ಆಮ್ಲ, ಎಸ್ಟರ್‌ಗಳಿಂದ ಕಾಫಿಗೆ ಮಾಗಿದ ಹಣ್ಣಿನ, ಕೆಲವೊಮ್ಮೆ ವೈನಿನ ಪರಿಮಳ ಬರುತ್ತದೆ. ಚಿಕೋರಿ ಬೆರೆತ ಡಿಕಾಕ್ಷನ್ನಿಗೆ ಒಗ್ಗಿದ ನಾಲಿಗೆಗೆ ಇದು ಕಾಫಿಯೇ ಎಂಬ ಅನುಮಾನ ಬಂದರೆ ತಪ್ಪಿಲ್ಲ! ಹಾಲು ಬೆರೆಸಿದರಂತೂ ಆ ಪರಿಮಳದ ಬಹುಪಾಲು ಅಡಗಿಹೋಗುತ್ತದೆ.

ಬಿಸಿ ಏರಿದಷ್ಟೂ ಹುಳಿಯುವುದು ಬಿರುಸಾಗುತ್ತದೆ. ಆದ್ದರಿಂದ ಡ್ರಮ್ಮಿನ ಉಷ್ಣಾಂಶ, ಆಮ್ಲೀಯತೆ ಎರಡನ್ನೂ ಆಗಾಗ ಅಳೆದು ಬರೆದಿಡಬೇಕು. ಲೆಕ್ಕ ತಪ್ಪಿದರೆ ಆರಿಸಿ ಕೊಯ್ದ ಹಣ್ಣೇ ಅಗ್ಗದ ಮಾಲಾಗುತ್ತದೆ. ಸಣ್ಣ ಬೆಳೆಗಾರ ಮೊದಲು ಒಂದೆರಡು ಡ್ರಮ್ಮಿನಷ್ಟು ಮಾತ್ರ ಮಾಡಿ ನೋಡಿ, ಉಳಿದ ಫಸಲನ್ನು ಹಳೆಯ ತೊಟ್ಟಿಗೇ ಬಿಡುವುದು ಮೇಲು.