ಬೀಗ ಹಾಕುವ ಮೊದಲು

ಊರಿಂದ ನೆಂಟರು ಬಂದರೆ ನಾಸಿಕ್‌ನಲ್ಲಿರುವ ನಮಗೆ ಎರಡು ಸುತ್ತಾಟ ತಪ್ಪಿದ್ದಲ್ಲ: ಒಂದು ತ್ರ್ಯಂಬಕೇಶ್ವರ, ಇನ್ನೊಂದು ಎಲ್ಲೋರ. ಎಲ್ಲೋರ ಇರುವುದು ಛತ್ರಪತಿ ಸಂಭಾಜಿನಗರದಿಂದ ಸುಮಾರು 30 ಕಿ.ಮೀ. ದೂರದಲ್ಲಿ. ಇಲ್ಲಿನವರು ಅದನ್ನು ವೇರೂಳ ಅನ್ನುತ್ತಾರೆ. ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ಕೈಲಾಸ ದೇವಾಲಯ ಅಲ್ಲಿನ 16ನೇ ಗುಹೆ.

ಕಳೆದ ಸಲ ಮಾವನವರು ಅಲ್ಲಿ ಒಂದು ಶಿಲ್ಪದ ಮೇಲೆ ಕೈಯಿಟ್ಟು ಫೋಟೊಗೆ ನಿಂತರು. ಕಾವಲುಗಾರ ಸೀಟಿ ಊದಿದ. ಅವರಿಗೆ ಬೇಸರವಾಯಿತು: "ಅಲ್ಲ ಅಳಿಯಂದ್ರೇ, ಟಿಕೆಟ್ ತಗೊಂಡೇ ಒಳಗೆ ಬಂದಿದ್ದೀವಲ್ಲ, ಮುಟ್ಟಿದ್ರೆ ಇವನಿಗೇನು?"

ನಾನು ನಕ್ಕೆ. ಆದರೆ ಇದೇ ಗೊಂದಲ ನಾನು ಮಾಡಿದ ಕೆಲಸದಲ್ಲೂ ಇತ್ತು. ಅದರ ಬೆಲೆ ತೆತ್ತವರು ಮಾತ್ರ ಬೇರೆಯವರು.

ಕೆಲವು ವರ್ಷಗಳ ಹಿಂದಿನ ಮಾತು. ನಾಸಿಕ್ ಮತ್ತು ಸಂಭಾಜಿನಗರ ಎರಡೂ ಕಡೆ ಕಾರ್ಖಾನೆಯಿದ್ದ ಒಂದು ಕಂಪನಿಗೆ ನಮ್ಮ ತಂಡ ಉದ್ಯೋಗಿಗಳ ಸಾಫ್ಟ್‌ವೇರ್ ಮಾಡಿಕೊಟ್ಟಿತು. ಯಾರು ಏನು ನೋಡಬಹುದು ಎಂದು ಎರಡು ವಾರ ಮೀಟಿಂಗ್ ನಡೆಯಿತು. ಸೂಪರ್‌ವೈಸರ್, ಎಚ್‌ಆರ್, ಕಂಪನಿ ಡಾಕ್ಟರ್ ಎಂದು 'ಯಾರು' ಪಟ್ಟಿ ಉದ್ದವಾಯಿತು. 'ಏನು' ಎಂಬ ಕಡೆ ನಾನು ಬರೆದದ್ದು ಎರಡೇ ಪದ: ಉದ್ಯೋಗಿಯ ದಾಖಲೆ. ಹಾಜರಿ, ಸಂಬಳ, ವರ್ಷಕ್ಕೊಮ್ಮೆ ನಡೆಯುವ ವೈದ್ಯಕೀಯ ತಪಾಸಣೆ ಎಲ್ಲವೂ ಅದರೊಳಗೇ.

ಹಾಜರಿ ನೋಡಬೇಕಿದ್ದ ನಾಸಿಕ್‌ನ ಸೂಪರ್‌ವೈಸರ್ ಒಬ್ಬರು ಬ್ರೌಸರ್‌ನ ವಿಳಾಸದಲ್ಲಿ ಒಂದು ಅಂಕಿ ಬದಲಿಸಿದರು. ಸಂಭಾಜಿನಗರದ ಕಾರ್ಮಿಕರೊಬ್ಬರ ಕ್ಷಯರೋಗದ ವರದಿ ತೆರೆದುಕೊಂಡಿತು. ವಾರದೊಳಗೆ ಕ್ಯಾಂಟೀನಿನಲ್ಲಿ ಆ ಮನುಷ್ಯನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಎರಡು ತಿಂಗಳಲ್ಲಿ ಅವರು ಕೆಲಸ ಬಿಟ್ಟರು. ಯಾವ ಹ್ಯಾಕರೂ ಬಂದಿರಲಿಲ್ಲ. ನಾವು ಬರೆದುಕೊಟ್ಟಂತೆಯೇ ಸಾಫ್ಟ್‌ವೇರ್ ನಡೆದುಕೊಂಡಿತ್ತು.

ಎಲ್ಲೋರದಂಥ ಸ್ಮಾರಕಗಳಿಗಿರುವ 1958ರ ಕಾಯ್ದೆಯಲ್ಲಿ ಈ ವಿಂಗಡಣೆ ಎಷ್ಟು ಸ್ಪಷ್ಟವಾಗಿದೆ ನೋಡಿ. ಯಾವುದು ಸಂರಕ್ಷಿತ ಎಂದು ಮೊದಲು ಘೋಷಣೆಯಾಗಬೇಕು. 2010ರ ತಿದ್ದುಪಡಿಯಂತೆ ಸಂರಕ್ಷಿತ ಜಾಗದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ. ಅಲ್ಲಿ ಹೊಸ ಕಟ್ಟಡ ಏಳುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಕಟ್ಟಲು ಅನುಮತಿ ಬೇಕು. ನಿಷೇಧಿತ ವಲಯದ ಹಳೇ ಮನೆಯ ರಿಪೇರಿಗೂ ಅನುಮತಿ ಬೇಕು. ಅಂದರೆ ಯಾವ ವಸ್ತು, ಅದರ ಎಲ್ಲೆ ಎಲ್ಲಿಯವರೆಗೆ, ಅಲ್ಲಿ ಯಾವ ಕೆಲಸ ಎಂಬುದು ತೀರ್ಮಾನವಾದ ಮೇಲೆ 'ಯಾರು' ಎಂಬ ಪ್ರಶ್ನೆ. ಟಿಕೆಟ್ ಸಿಕ್ಕಿದ್ದು ನೋಡುವುದಕ್ಕೆ, ಮುಟ್ಟುವುದಕ್ಕಲ್ಲ.

ಕಂಪ್ಯೂಟರ್ ಲೋಕದಲ್ಲೂ ಇದಕ್ಕೆ ಹೆಸರುಗಳಿವೆ. ಕಾಯಬೇಕಾದ ವಸ್ತು 'ರಿಸೋರ್ಸ್', ಅದರ ಮೇಲೆ ಮಾಡಬಹುದಾದ ಕೆಲಸ 'ಸ್ಕೋಪ್'. 'ಗೂಗಲ್‌ನಿಂದ ಲಾಗಿನ್ ಆಗಿ' ಎಂಬ ಗುಂಡಿಯ ಹಿಂದಿರುವ ಓಆತ್ 2.0 ಮಾನದಂಡ 2012ರಲ್ಲಿ ಬಂತು. ಅದರಲ್ಲಿ ವಸ್ತುವಿನ ಒಡೆಯ, ವಸ್ತುವನ್ನು ಇಟ್ಟುಕೊಂಡ ಸರ್ವರ್, ಅನುಮತಿ ಕೊಡುವ ಸರ್ವರ್, ಕೇಳುವ ಆ್ಯಪ್ ನಾಲ್ಕೂ ಬೇರೆ ಬೇರೆ. ಆದರೆ 'ದಾಖಲೆ ಓದಬಹುದು' ಎಂಬ ಸ್ಕೋಪ್ ಕೊಟ್ಟ ಮಾತ್ರಕ್ಕೆ ಯಾರ ದಾಖಲೆ ಎಂಬುದು ತೀರ್ಮಾನವಾಗುವುದಿಲ್ಲ. ಆ ಪರೀಕ್ಷೆಯನ್ನು ಪ್ರತಿ ಸಲವೂ ಸರ್ವರ್ ಮಾಡಬೇಕು. ನಾವು ಬಿಟ್ಟದ್ದು ಅದನ್ನೇ. ಸಾಫ್ಟ್‌ವೇರ್ ಸುರಕ್ಷತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆ 2019 ಮತ್ತು 2023ರಲ್ಲಿ ಹೊರತಂದ ಎಪಿಐ ಅಪಾಯಗಳ ಎರಡೂ ಪಟ್ಟಿಗಳಲ್ಲಿ ಈ ತಪ್ಪಿಗೇ ಮೊದಲ ಸ್ಥಾನ.

ಆಮೇಲೆ ನಾವು ಹಾಜರಿ, ಸಂಬಳ, ವೈದ್ಯಕೀಯ ವರದಿಗಳನ್ನು ಮೂರು ರಿಸೋರ್ಸ್ ಮಾಡಿದೆವು. ಪ್ರತಿ ದಾಖಲೆಗೂ ಒಡೆಯ ಯಾರು, ಯಾವ ಕಾರ್ಖಾನೆ ಎಂದು ಸೇರಿಸಿದೆವು. ವೈದ್ಯಕೀಯ ವರದಿ ಉದ್ಯೋಗಿಗೆ ಮತ್ತು ಅವರ ಕಾರ್ಖಾನೆಯ ಡಾಕ್ಟರಿಗೆ ಮಾತ್ರ ಕಾಣುವಂತಾಯಿತು. ಕೆಲಸ ಹಿಡಿದದ್ದು ಒಂಬತ್ತು ದಿನ.

ಓದುಗರಲ್ಲಿ ಅನೇಕರು ಇದೇ ಕಸುಬಿನವರು. ಮುಂದಿನ ಮೀಟಿಂಗಿನಲ್ಲಿ 'ಯಾರಿಗೆ ಆಕ್ಸೆಸ್ ಕೊಡೋಣ' ಎಂದು ಯಾರಾದರೂ ಶುರುಮಾಡಿದರೆ, 'ಯಾವುದಕ್ಕೆ?' ಎಂದು ಕೇಳಿ. ಉತ್ತರ ಎರಡೇ ಪದದಲ್ಲಿ ಬಂದರೆ ಇನ್ನೊಮ್ಮೆ ಕೇಳಿ. ನನ್ನನ್ನು ಅಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.