ಕೋಣೆಯೊಳಗಿನ ಆಫೀಸು, ದೂರದ ಜೊತೆಗಾರರು

ನಿಮ್ಮ ಮನೆಗೂ ಆಫೀಸು ಬಂದಿದೆಯೇ? 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ ಮಕ್ಕಳಲ್ಲಿ ಎಷ್ಟೋ ಮಂದಿ ಬೆಂಗಳೂರಿಗೆ ವಾಪಸು ಹೋದರು. ಕೆಲವರು ಮಾತ್ರ ಇಂದಿಗೂ ಮನೆಯಿಂದಲೇ ಕೆಲಸ ಮಾಡುತ್ತಿದ್ದಾರೆ. ಮಗಳೋ ಸೊಸೆಯೋ ಬೆಳಗಿನಿಂದ ಸಂಜೆಯವರೆಗೆ ಕೋಣೆಯ ಬಾಗಿಲು ಹಾಕಿಕೊಂಡು ಕೂತಿರುತ್ತಾಳೆ. ಒಳಗೆ ಮಾತು ಕೇಳಿದರೆ 'ಮೀಟಿಂಗ್ ಇರಬೇಕು' ಅಂತ ಸುಮ್ಮನಿರುತ್ತೇವೆ. ನಗು ಕೇಳಿದರೋ? "ಕೆಲಸ ಬಿಟ್ಟು ಹರಟೆ! ಅಷ್ಟು ಪುರುಸೊತ್ತಿದ್ದರೆ ಬಂದು ಹುರುಳಿಕಾಯಿ ಹೆಚ್ಚಿಕೊಡಬಾರದೇ?" ಎಂದು ಯಾರಾದರೂ ಅಂದೇ ಅನ್ನುತ್ತಾರೆ.

ನಾನು ಆ ನಗುವಿನ ಪರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮನೆಯಲ್ಲೇ ಕೂತು ದುಡಿಯುವುದು ನಮ್ಮ ಹೆಂಗಸರಿಗೆ ಹೊಸದೇನಲ್ಲ. ದಕ್ಷಿಣ ಕನ್ನಡದ ಬೀಡಿ ಕಟ್ಟುವವರನ್ನೇ ನೋಡಿ. ಎಲೆ, ಹೊಗೆಸೊಪ್ಪು ಮನೆಗೆ ತಂದು ಅವರವರ ಮನೆಯಲ್ಲೇ ಕಟ್ಟಬಹುದು. ಆದರೂ ಮಧ್ಯಾಹ್ನದ ಹೊತ್ತು ಮೊರ ಎತ್ತಿಕೊಂಡು ನೆರೆಮನೆಯ ಜಗುಲಿ ಸೇರುವವರು ಎಷ್ಟು ಮಂದಿ! ಬಾಯಿ ಮಾತಾಡುತ್ತಿದ್ದರೂ ಕೈ ನಿಲ್ಲುವುದಿಲ್ಲ. ಯಾರ ಬೀಡಿ ಎಷ್ಟು ವಾಪಸಾಯಿತು, ಈ ಸಲದ ಎಲೆ ಹೇಗಿದೆ, ಮಜೂರಿ ಏನಾದರೂ ಹೆಚ್ಚಿತೇ ಎಂಬುದೆಲ್ಲ ತಿಳಿಯುವುದು ಆ ಮಾತಿನಲ್ಲೇ. ಒಬ್ಬಳೇ ಕೂತವಳಿಗೆ, ಕೆಟ್ಟದ್ದು ಎಲೆಯೋ ತನ್ನ ಕೈಯೋ ಎಂದು ತಿಳಿಯುವುದಾದರೂ ಹೇಗೆ?

ಲಿಜ್ಜತ್ ಹಪ್ಪಳ ನಿಮಗೆ ಗೊತ್ತು. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ಮಾಡಿ ತಾರಸಿಯ ಮೇಲೆ ಶುರುಮಾಡಿದ್ದು. ಮುಂದೆ ಅಲ್ಲಿ ಹಿಟ್ಟು ಮನೆಗೆ ಒಯ್ದು ಲಟ್ಟಿಸುವ ಪದ್ಧತಿ ಬಂತು. ಆದರೂ ಹಿಂದಿನ ದಿನದ ಹಪ್ಪಳ ಒಪ್ಪಿಸಿ ಹೊಸ ಹಿಟ್ಟು ಒಯ್ಯಲು ಬೆಳಿಗ್ಗೆ ಶಾಖೆಗೆ ಬರಬೇಕು. ಹಾಗೆ ಬಂದಾಗ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೋಣೆಯೊಳಗಿನ ನಮ್ಮ ಹುಡುಗಿಗೆ ಈ ಜಗುಲಿಯೂ ಇಲ್ಲ, ಶಾಖೆಯೂ ಇಲ್ಲ.

ಇದರಿಂದ ನಷ್ಟವೇನು ಅನ್ನುತ್ತೀರಾ? ಚೀನಾದ ಶಾಂಘೈನಲ್ಲಿ 2010ರ ಕೊನೆಯಲ್ಲಿ ಶುರುಮಾಡಿ ಒಂಬತ್ತು ತಿಂಗಳು ಒಂದು ಪ್ರವಾಸ ಕಂಪನಿ, ಒಪ್ಪಿದ ಕೆಲವು ನೌಕರರನ್ನು ವಾರಕ್ಕೆ ನಾಲ್ಕು ದಿನ ಮನೆಯಿಂದ ಕೆಲಸ ಮಾಡಿಸಿ ನೋಡಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಅದರ ಲೆಕ್ಕ ತೆಗೆದರು. ಕೆಲಸವೇನೋ ನೂರಕ್ಕೆ 13ರಷ್ಟು ಹೆಚ್ಚಿತು. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದ ಆಫೀಸಿನವರಿಗೆ ಹೋಲಿಸಿದರೆ ಇವರಿಗೆ ಬಡ್ತಿ ಕಡಿಮೆ! ಕೊನೆಗೆ ಸುಮಾರು ಅರ್ಧ ಮಂದಿ ಆಫೀಸಿಗೇ ವಾಪಸಾದರು. ಒಂಟಿತನ ಅದಕ್ಕೆ ದೊಡ್ಡ ಕಾರಣ. ಕಣ್ಣಿಗೆ ಬೀಳದವಳು ನೆನಪಿಗೂ ಬರುವುದಿಲ್ಲ ನೋಡಿ.

ಆದ್ದರಿಂದ ಹನ್ನೊಂದು ಗಂಟೆಯ ಕಾಫಿಯನ್ನು ಅವಳ ಕೋಣೆಗೇ ಕೊಡಿ. ಆ ಹತ್ತು ನಿಮಿಷ ಗೆಳತಿಯೊಡನೆ ಫೋನಿನಲ್ಲಿ ಮಾತಾಡುತ್ತ ಕುಡಿಯಲಿ. ಮಾತು ಆಫೀಸಿನದ್ದೇ ಆಗಬೇಕೆಂದಿಲ್ಲ, ಸೀರೆಯದ್ದಾದರೂ ಸರಿಯೇ. ನಾಳೆ ಏನಾದರೂ ತೊಡಕು ಬಂದರೆ ಸಂಕೋಚವಿಲ್ಲದೆ ಕೇಳಲು ಅದೇ ದಾರಿ. ಹೊಸದಾಗಿ ಸೇರಿ, ಯಾರ ಮುಖವನ್ನೂ ಕಾಣದೆ ಕೆಲಸ ಮಾಡುತ್ತಿರುವವಳಿಗಂತೂ ಇದು ತೀರ ಅಗತ್ಯ.

ನಮ್ಮಂಥ ಊರುಗಳಲ್ಲಿ ಕರೆಂಟು ಹೋಗುವುದುಂಟು, ಮಳೆಗಾಲದಲ್ಲಿ ನೆಟ್‌ವರ್ಕ್ ಸತ್ತೇಹೋಗುತ್ತದೆ. ಅದನ್ನು ಜೊತೆಯವರಿಗೆ ಮೊದಲೇ ಹೇಳಿಟ್ಟಿರಲು ತಿಳಿಸಿ. ಇಲ್ಲದಿದ್ದರೆ 'ಮನೆಯಲ್ಲಿ ಮಲಗಿದ್ದಾಳೆ' ಅಂದುಕೊಳ್ಳುತ್ತಾರೆ. ವೀಡಿಯೋ ಹಾಕಿಕೊಂಡಿರುವಾಗ ಯಜಮಾನರು ಬನಿಯನ್‌ನಲ್ಲಿ ಹಿಂದೆ ಹಾದುಹೋಗದಂತೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಪಾಲಿನ ಕೆಲಸ!

ಎಷ್ಟೇ ಫೋನು ಮಾಡಿದರೂ ಎದುರು ಕೂತು ಆಡಿದ ಮಾತಿಗೆ ಸಮವಲ್ಲ. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಆಫೀಸಿಗೆ ಹೋಗಿಬರುವ ಅನುಕೂಲವಿದ್ದರೆ, "ಮಗು ನನ್ನ ಹತ್ತಿರ ಇರಲಿ, ನೀನು ಹೋಗಿ ಬಾರಮ್ಮ" ಎಂದು ನೀವಾಗಿಯೇ ಹೇಳಿ. ರಾತ್ರಿ ಬಸ್ಸಿಗೆ ಹೊರಡುವಾಗ ಕೋಡುಬಳೆಯ ಡಬ್ಬಿ ಎರಡು ಕಟ್ಟಿಕೊಡಿ. ಒಂದು ಅವಳಿಗೆ, ಇನ್ನೊಂದು ಆಫೀಸಿನ ಜೊತೆಗಾರರಿಗೆ.